ಚಂದ್ರಕ್ಕನ ಹನ್ನೆರಡು ವಾರ

ರಿಯಾಯಿತಿ ಎನ್ನುವ ಮಾತು ಚಂದ್ರಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೊಮ್ಮೆ ಗಾಂಧಿ ಜಯಂತಿ ಬಂದಾಗ ದುರ್ಗದ ಖಾದಿ ಅಂಗಡಿಯವರು ಅದನ್ನು ಉದ್ದನೆಯ ಬಟ್ಟೆಯ ಮೇಲೆ ಬರೆಸಿ ಬಾಗಿಲಿಗೆ ತೂಗುಹಾಕುತ್ತಿದ್ದರು. ಆ ದಿನಗಳಲ್ಲಿ ಹೋದರೆ ಅದೇ ಟವಲ್ಲು, ಅದೇ ಜಮಖಾನ ಒಂದಿಷ್ಟು ಅಗ್ಗಕ್ಕೆ ಸಿಗುತ್ತಿತ್ತು. ಹಾಗಾಗಿ ಎಪ್ಪತ್ಮೂರನೇ ಇಸವಿಯ ಅದೇ ದಿನಗಳಲ್ಲಿ, ಹೊಳಲ್ಕೆರೆ ರಸ್ತೆಯ ನೂಲಿನ ಮಿಲ್ಲಿನ ಗೇಟಿಗೆ ನೋಟೀಸು ಅಂಟಿ, ಸಂಘದ ಉಗ್ರಪ್ಪ ಸ್ಟೂಲಿನ ಮೇಲೆ ನಿಂತು "ಕಾರ್ಮಿಕ ವಿಮೆಯ ವಂತಿಗೆಯಿಂದ ಈ ಕಾರ್ಖಾನೆಗೆ ವಿನಾಯಿತಿ ನೀಡಲಾಗಿದೆ" ಎಂದು ಓದಿದಾಗ ಅವಳ ಕಿವಿಗೆ ಬಿದ್ದದ್ದು ರಿಯಾಯಿತಿ. ಅವಳೊಬ್ಬಳ ಕಿವಿಗಲ್ಲ, ಗೇಟಿನ ಮುಂದಿದ್ದ ಇನ್ನೂರು ಚಿಲ್ಲರೆ ಜನರ ಕಿವಿಗೂ ಹಾಗೇ ಬಿತ್ತು. ಓದಿದ ಉಗ್ರಪ್ಪನ ಕಿವಿಗೂ ಹಾಗೇ ಬಿತ್ತು ಎನ್ನುವುದು ಆಮೇಲೆ ತಿಳಿದ ಸಂಗತಿ.

"ಅಂಗಂದ್ರೆ ಏನಣ್ಣ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ರಿಯಾಯಿತಿ ಕಣ್ರಪ್ಪ. ಸಂಬಳದಾಗೆ ವಿಮೆಗೆ ಅಂತ ಮುರ್ಕಂತಿದ್ರಲ್ಲ, ಇನ್ನ ಮುರ್ಕಣಂಗಿಲ್ಲ. ಪೂರ್ತಿ ಸಂಬಳ ಕೈಗೆ!" ಎಂದ ಉಗ್ರಪ್ಪ.

ಮಿಲ್ಲಿನ ಪಾಡು ಆಗ ಎಲ್ಲರಿಗೂ ಗೊತ್ತಿದ್ದದ್ದೇ. ವಾರಕ್ಕೆ ಮೂರು ದಿನ ಕರೆಂಟು ಇಲ್ಲ, ಹತ್ತಿಯ ಬೆಲೆ ಏರಿದ್ದು ಇಳಿಯಲಿಲ್ಲ, ನೂಲು ಕೊಳ್ಳುವ ನೇಕಾರರೇ ಮಗ್ಗ ನಿಲ್ಲಿಸಿ ಕೂತಿದ್ದರು. ಮಾಲೀಕರು ಕಾರು ಮಾರಿ ಜಟಕಾದಲ್ಲಿ ಬರುತ್ತಿದ್ದರು. ಅಂಥ ಮಿಲ್ಲಿನಲ್ಲಿ ಸಂಬಳ ಹೆಚ್ಚುತ್ತದೆಂದರೆ ಯಾರಿಗೆ ಬೇಡ? ಅಂದು ಮಧ್ಯಾಹ್ನ ಗೇಟಿನ ಮುಂದೆ ಸಂಘದವರು ಮಂಡಕ್ಕಿ, ಮೆಣಸಿನಕಾಯಿ ಬೋಂಡ ಹಂಚಿದರು. ಚಂದ್ರಕ್ಕ ಎರಡು ಬೋಂಡ ತಿಂದು ಒಂದನ್ನು ಗಂಡನಿಗೆಂದು ಕಾಗದದಲ್ಲಿ ಕಟ್ಟಿಕೊಂಡಳು. ಮೂಗಿಗೆ ತುಪ್ಪ ಸವರಿದರೆ ಘಮಘಮ ಅನ್ನುತ್ತದೆಯೇ ಹೊರತು ನಾಲಿಗೆಗೆ ಸಿಗುವುದಿಲ್ಲ ಎನ್ನುವುದು ಅಂದು ಯಾರಿಗೂ ನೆನಪಾಗಲಿಲ್ಲ.

ಚಂದ್ರಕ್ಕನಿಗೆ ಆಗ ಇಪ್ಪತ್ತಾರು. ತವರು ಆದಿವಾಲ, ಕೊಟ್ಟದ್ದು ಐಮಂಗಲಕ್ಕೆ. ಅಲ್ಲಿದ್ದ ಮೂರೆಕರೆ ಭಾವ ಓಬಳೇಶಪ್ಪನ ಸಂಸಾರಕ್ಕೇ ಸಾಲದೆಂದು ಗಂಡ ಜಂಪಣ್ಣ ದುರ್ಗಕ್ಕೆ ಬಂದು ಹತ್ತಿ ಮಂಡಿಯಲ್ಲಿ ಮೂಟೆ, ಅಂಡಿಗೆ ಹೊರುತ್ತಿದ್ದ. ಅಂಡಿಗೆ ಬಂದ ದಿನ ಕೂಲಿ, ಬಾರದ ದಿನ ಬೀಡಿ. ಮನೆ ನಡೆಯುತ್ತಿದ್ದದ್ದು ಚಂದ್ರಕ್ಕನ ಸಂಬಳದಿಂದ. ಅವಳದು ರೀಲಿಂಗ್ ಖಾತೆ: ನೂಲನ್ನು ರಾಟೆಗೆ ಸುತ್ತಿ ಲಡಿ ಕಟ್ಟುವ ಕೆಲಸ. ಎಂಟು ಗಂಟೆ ನಿಂತೇ ಇರಬೇಕು. ಕೂತರೆ ಎಳೆ ಕಡಿಯುತ್ತದೆ, ಎಳೆ ಕಡಿದರೆ ಮೇಸ್ತ್ರಿ ಬರುತ್ತಾನೆ.

ಆ ನಿಲುವಿನಲ್ಲೇ ಅವಳಿಗೆ ಎರಡು ಕೂಸು ಕೈತಪ್ಪಿದ್ದವು. ಮೊದಲನೆಯದು ಐದು ತಿಂಗಳಿಗೆ, ರಾಟೆಯ ಪಕ್ಕದಲ್ಲೇ. ಎರಡನೆಯದು ಎಂಟು ತಿಂಗಳಿಗೆ ಹುಟ್ಟಿ ಅರ್ಧ ದಿನ ಬದುಕಿತ್ತು. ಆ ಅರ್ಧ ದಿನದಲ್ಲಿ ಅದು ಎರಡು ಸಲ ಆಕಳಿಸಿತ್ತು. ಅದನ್ನು ಚಂದ್ರಕ್ಕ ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

ಎರಡನೆಯದು ಹೋದ ಮೇಲೆ ವಿಮೆ ದವಾಖಾನೆಯ ಡಾಕ್ಟರಮ್ಮ ಅವಳ ಕೆನ್ನೆ ತಟ್ಟಿ ಹೇಳಿದ್ದರು: "ಮುಂದಿನ ಸಾರಿ ಹೆರಿಗೆಗೆ ಮುಂಚೆ ಆರು ವಾರ, ಆದ ಮೇಲೆ ಆರು ವಾರ ನೀನು ಮಿಲ್ಲಿನ ಕಡೆ ತಲೆ ಹಾಕಬಾರದು. ಸಂಬಳದ ಬದಲು ವಿಮೆಯವರು ಕೊಡುತ್ತಾರೆ. ಸುಮ್ಮನೆ ಮನೆಯಲ್ಲಿ ಕೂತು ಮಗು ನೋಡಿಕೊ."

ಚಂದ್ರಕ್ಕ ಅದನ್ನು ಮೂರು ಸಲ ಹೇಳಿಸಿಕೊಂಡಳು. ಹನ್ನೆರಡು ವಾರ! ಮದುವೆಯಾದ ಮೇಲೆ ಅವಳು ಒಂದೇ ಸಮನೆ ಹನ್ನೆರಡು ದಿನ ಕೂತವಳಲ್ಲ. ಪಕ್ಕದ ರಾಟೆಯ ನಿಂಗಕ್ಕ ಮೂರನೆಯ ಬಾಣಂತನದಲ್ಲಿ ಹಾಗೆ ಕೂತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹತ್ತನೇ ವಾರದಲ್ಲಿ ನಿಂಗಕ್ಕ ಕೂಸಿಗೆ ಕಣ್ಣು ತುಂಬ ಕಾಡಿಗೆ ಇಟ್ಟುಕೊಂಡು ಮಿಲ್ಲಿನ ಬೇವಿನ ಮರದ ಕೆಳಗೆ ಬಂದು ಕೂತಾಗ ಎಲ್ಲರೂ ಕೂಸನ್ನು ನೋಡಿದರು. ಚಂದ್ರಕ್ಕ ನೋಡಿದ್ದು ನಿಂಗಕ್ಕನ ಕೈಗಳನ್ನು. ಆ ಕೈಗಳಿಗೆ ಏನೂ ಕೆಲಸವಿರಲಿಲ್ಲ, ಕೂಸಿನ ಬೆನ್ನು ಸವರುತ್ತ ಬಿದ್ದಿದ್ದವು. ತನಗೂ ಅಂಥದೊಂದು ಕಾಲ ಬರಬೇಕು ಎಂದು ಅವಳ ಜೀವ ಹಂಬಲಿಸಿತು. ರಾಟೆ ತಿರುಗುವಾಗೆಲ್ಲ ಆ ಹನ್ನೆರಡು ವಾರವನ್ನು ಬಿಚ್ಚಿ ನೋಡಿ ಮಡಿಚಿಡುತ್ತಿದ್ದಳು. ಎಳೆಬಿಸಿಲಿಗೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದು. ಅದಕ್ಕೆ ಯಾವ ಹೊತ್ತಿಗೆ ಬಿಕ್ಕಳಿಕೆ ಬರುತ್ತದೆಂದು ತಿಳಿದುಕೊಳ್ಳುವುದು. ನಿದ್ದೆಯಲ್ಲಿ ನಕ್ಕರೆ ದೇವರು ನಗಿಸುತ್ತಾನೆ ಎನ್ನುತ್ತಾರಲ್ಲ, ಅದು ನಿಜವೇ ಎಂದು ಮೇಲೆ ಬಗ್ಗಿ ನೋಡುವುದು. ಇದಕ್ಕಿಂತ ದೊಡ್ಡ ಆಸೆ ಅವಳಿಗಿರಲಿಲ್ಲ.

ಮಾರನೆಯ ವರ್ಷ ಯುಗಾದಿಯ ಹೊತ್ತಿಗೆ ಮುಟ್ಟು ನಿಂತಿತು. ರಿಯಾಯಿತಿಯಿಂದ ಸಂಬಳದಲ್ಲಿ ಉಳಿದ ಚಿಲ್ಲರೆಯನ್ನು ಅವಳು ತಿಂಗಳು ತಿಂಗಳೂ ಸೆರಗಿಗೆ ಗಂಟು ಹಾಕುತ್ತ ಬಂದಿದ್ದಳು. ಒಂದು ದಿನ ಪಾತ್ರೆ ಅಂಗಡಿಗೆ ಹೋಗಿ ಅದರಲ್ಲಿ ಒಂದು ಹಿತ್ತಾಳೆ ಒಳಲೆ ಕೊಂಡಳು, ಎಳೆಗೂಸಿನ ಬಾಯಿಗೆ ಔಷಧಿ ಹಾಕಲು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ಗಾದೆಯಲ್ಲಿ ಒಳಲೆಯ ಸುದ್ದಿ ಇಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ರಾಗಿ ಮಡಕೆಯೊಳಗೆ ಅದನ್ನು ಹುಗಿದಿಟ್ಟಳು.

ಏಳು ತಿಂಗಳು ತುಂಬಿದಾಗ ಕಾರ್ಡು ಹಿಡಿದು ವಿಮೆ ಕಚೇರಿಗೆ ಹೋದಳು. ಗುಮಾಸ್ತ ಶಿವಕುಮಾರಪ್ಪ ಒಳ್ಳೆಯ ಮನುಷ್ಯ. ಬಸುರಿ ಹೆಂಗಸೆಂದು ತನ್ನ ಕುರ್ಚಿಯನ್ನೇ ಎಳೆದುಕೊಟ್ಟ.

"ಕುಂತ್ಕಳ್ರಿ ಮೊದ್ಲು" ಎಂದ. ಕಾರ್ಡು ನೋಡಿದ. ದೊಡ್ಡ ಪುಸ್ತಕ ತೆಗೆದು ನೋಡಿದ. ಮತ್ತೆ ಕಾರ್ಡು ನೋಡಿದ. "ನಿಮ್ಮ ಮಿಲ್ಲಿಂದ ಹೋದ ವರ್ಷದಿಂದ ಏನೂ ಬಂದಿಲ್ಲವಲ್ಲಮ್ಮ. ವಂತಿಗೆ ಕಟ್ಟದೇ ಇದ್ರೆ ಹೆರಿಗೆದು ಸಿಗಂಗಿಲ್ಲ."

"ನಮಗೆ ರಿಯಾಯಿತಿ ಕೊಟ್ಟವ್ರೆ ಸ್ವಾಮಿ" ಎಂದಳು ಚಂದ್ರಕ್ಕ, ಮರೆತಿರಬೇಕು ಪಾಪ ಎನ್ನುವ ಧಾಟಿಯಲ್ಲಿ. "ಗೇಟಿಗೆ ಅಂಟ್ಸಿದ್ರು."

ಶಿವಕುಮಾರಪ್ಪ ಕನ್ನಡಕ ತೆಗೆದ. ಅದನ್ನು ಪಂಚೆಯ ತುದಿಯಿಂದ ಒರೆಸಿದ.

"ಅದು ರಿಯಾಯಿತಿ ಅಲ್ಲಮ್ಮ, ವಿನಾಯಿತಿ. ರಿಯಾಯಿತಿ ಅಂದ್ರೆ ಕಡಿಮೆ ಬೆಲೆಗೆ ಕೊಡೋದು. ವಿನಾಯಿತಿ ಅಂದ್ರೆ ಕೊಡೋದೇ ಬೇಡ ಅಂತ. ಮಿಲ್ಲು ಕಷ್ಟದಾಗೈತೆ, ತನ್ನ ಪಾಲು ಕಟ್ಟೋದು ಬೇಡ ಅಂದ್ರು ಸರ್ಕಾರದೋರು. ನಿಮ್ಮ ಪಾಲೂ ಬೇಡ ಅಂದ್ರು. ಮಿಲ್ಲಿಗೆ ಉಳೀತು."

"ನನ್ನ ಹನ್ನೆರಡು ವಾರ?"

ಶಿವಕುಮಾರಪ್ಪ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ.

ಅಲ್ಲಿಂದ ನಡೆದೇ ಮಿಲ್ಲಿಗೆ ಬಂದು ಉಗ್ರಪ್ಪನಿಗೆ ಹೇಳಿ, ಎರಡು ದಿನದ ಮೇಲೆ ಮ್ಯಾನೇಜರ ಮುಂದೆ ನಿಂತಳು. ವಿಮೆ ಇಲ್ಲದ ಕಾರ್ಖಾನೆಗಳಲ್ಲಿ ಹೆರಿಗೆಯ ಸಂಬಳವನ್ನು ಮಾಲೀಕರೇ ಕೊಡಬೇಕೆಂದು ಇನ್ನೊಂದು ಕಾನೂನು ಇದೆಯಂತೆ ಎಂದು ಉಗ್ರಪ್ಪ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದ. ಅವನೂ ಜೊತೆಗಿದ್ದ. ಮ್ಯಾನೇಜರು ತಾಳ್ಮೆಯಿಂದಲೇ ಹೇಳಿದರು: ನಮ್ಮದು ವಿಮೆ ಇರುವ ಮಿಲ್ಲು, ಆ ಕಾನೂನು ನಮಗೆ ಬರುವುದಿಲ್ಲ. ವಿಮೆ ಇದೆಯಲ್ಲ, ಅಲ್ಲೇ ಹೋಗಿ ಕೇಳಿ. ಅಲ್ಲಿ ಇಲ್ಲ ಎನ್ನುತ್ತಾರೆ ಎಂದು ಚಂದ್ರಕ್ಕ ಹೇಳಿದರೆ, ಹೌದು, ನಮಗೆ ವಿನಾಯಿತಿ ಇದೆಯಲ್ಲ ಎಂದರು. ಕೇಳುತ್ತಿದ್ದರೆ ಎರಡೂ ಸರಿಯೇ ಅನ್ನಿಸುತ್ತಿತ್ತು. ಮಾತು ಸರಿಯಿದ್ದು ಮನುಷ್ಯನಿಗೆ ಅನ್ಯಾಯವಾಗುವುದನ್ನು ನೋಡಬೇಕಾದರೆ ಇಂಥ ಕಡೆಗೇ ಹೋಗಬೇಕು.

"ಗಂಡ ಹೆಂಡಿರ ಜಗಳದಾಗೆ ಕೂಸು ಬಡವಾತು ಅಂತಾರಲ್ಲ, ಅಂಗಾತು ಬಿಡು" ಎಂದಳು ನಿಂಗಕ್ಕ, ಕಡಿದ ಎಳೆ ಕಟ್ಟುತ್ತ. ಗಾದೆಯಲ್ಲಿನ ಕೂಸು ಇಲ್ಲಿ ನಿಜವಾದ ಕೂಸೇ ಆಗಿದ್ದರಿಂದ ಯಾರಿಗೂ ನಗು ಬರಲಿಲ್ಲ.

ಉಗ್ರಪ್ಪನನ್ನು ಬೈಯಬೇಕು ಎನಿಸುತ್ತದೆ. ಒಂದು ಅಕ್ಷರ ಸರಿಯಾಗಿ ಓದಿಕೊಳ್ಳದೆ ಊರಿಗೆಲ್ಲ ಬೋಂಡ ಹಂಚಿದವನು. ಆದರೆ ಅವನು ಅಂದಿನಿಂದ ಚಂದ್ರಕ್ಕ ಎದುರು ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದ. ಚಂದ್ರಕ್ಕನಿಗೇ ಪಾಪ ಎನಿಸಿ ಒಂದು ದಿನ "ಓದಿದ್ದು ನೀನಾದ್ರೂ, ತಿಂದಿದ್ದು ನಾವೇ ಅಲ್ವೇನಣ್ಣ" ಎಂದಳು. ಅವನು ಅದಕ್ಕೆ ಇನ್ನಷ್ಟು ಕುಗ್ಗಿದ.

ಕೆಲಸ ಬಿಡುವಂತಿರಲಿಲ್ಲ. ಬದಲಿ ಕೆಲಸಕ್ಕೆಂದು ದಿನವೂ ಹದಿನೈದು ಹೆಂಗಸರು ಗೇಟಿನಲ್ಲಿ ಕಾಯುತ್ತಿದ್ದರು. ಸಂಬಳವಿಲ್ಲದ ರಜೆ ಒಂದು ತಿಂಗಳು ಕೊಡುತ್ತೇವೆ, ಅದಕ್ಕೆ ಮೇಲಾದರೆ ಹೆಸರು ಹೊಡೆದುಹಾಕುತ್ತೇವೆ ಎಂದರು. ಚಂದ್ರಕ್ಕ ಹೆರಿಗೆಗೆ ನಾಲ್ಕು ದಿನ ಇದೆ ಎನ್ನುವಾಗ ಹಿರಿಯೂರು ಬಸ್ಸು ಹತ್ತಿ ಐಮಂಗಲದಲ್ಲಿ ಇಳಿದಳು.

ಕಾರ್ತೀಕದಲ್ಲಿ ಹೆಣ್ಣು ಕೂಸು ಹುಟ್ಟಿತು. ಗಟ್ಟಿಯಾಗಿ ಅತ್ತಿತು, ಅದೇ ಒಂದು ಸಂಭ್ರಮ. ಎರಡು ಹೋದ ಮೇಲೆ ಹುಟ್ಟಿದ್ದನ್ನು ಸಾವಿನ ಕಣ್ಣಿನಿಂದ ಮರೆಮಾಡಬೇಕೆನ್ನುವುದು ಆ ಕಡೆಯ ಪದ್ಧತಿ. ಹನ್ನೊಂದನೆಯ ದಿನ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಅಂಚಿನಲ್ಲಿ ಮಲಗಿಸಿ ಚಂದ್ರಕ್ಕ ತಿರುಗಿ ನೋಡದೆ ಒಳಗೆ ಬರಬೇಕು. ಬಂದಳು. ಓಬಳೇಶಪ್ಪನ ಹೆಂಡತಿ ಜಯಕ್ಕ, ಚಂದ್ರಕ್ಕನಿಗೆ ವಾರಗಿತ್ತಿ, ದಾರಿಹೋಕಳ ಹಾಗೆ ಆ ಕಡೆಯಿಂದ ಬಂದು ಕೂಗಿದಳು: "ಯಾರ್ದಪ್ಪ ಈ ಕೂಸು? ತಿಪ್ಪೆ ಮ್ಯಾಲೆ ಬಿದ್ದೈತೆ! ಯಾರ್ಗೂ ಬ್ಯಾಡಾದ್ರೆ ನಾನ್ ತಗಂತೀನಿ." ಒಂದು ಮೊರ ತೌಡು ಸುರಿದು ಕೂಸನ್ನು ಕೊಂಡಳು. ಹೆಸರು ತಿಪ್ಪಮ್ಮ ಎಂದಾಯಿತು. ಎಲ್ಲರೂ ನಕ್ಕರು. ಚಂದ್ರಕ್ಕನೂ ಒಳಗಿನಿಂದ ನಕ್ಕಳು. ಆಟವೆಂದು ಗೊತ್ತಿದ್ದರೂ ಎದೆ ಒಂದು ಸಲ ಜಗ್ಗಿದಂತಾಯಿತು.

ಇಪ್ಪತ್ತನಾಲ್ಕನೆಯ ದಿನ ಅವಳು ಬಸ್ಸು ಹತ್ತಿದಳು. ದುರ್ಗದ ಒಂದೇ ಕೋಣೆಯ ಮನೆಯಲ್ಲಿ ಹಗಲು ಕೂಸನ್ನು ನೋಡುವವರಿಲ್ಲ. ಮಿಲ್ಲಿನಲ್ಲಿ ಒಂದು ತೊಟ್ಟಿಲ ಕೋಣೆಯಿತ್ತು ನಿಜ, ಅದರಲ್ಲಿ ತೊಟ್ಟಿಲಿಗೆ ಬದಲು ಮುರಿದ ಬಾಬಿನ್ನುಗಳ ರಾಶಿ ಸೂರಿನವರೆಗೆ ಬಿದ್ದಿತ್ತು. ಜಯಕ್ಕನ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು, ಮನೆಯಲ್ಲಿ ಮೇಕೆಯ ಹಾಲಿತ್ತು. ಚಂದ್ರಕ್ಕ ರಾಗಿ ಮಡಕೆಯಿಂದ ತಂದಿದ್ದ ಒಳಲೆಯನ್ನು ಜಯಕ್ಕನ ಕೈಗೆ ಕೊಟ್ಟಳು. ಔಷಧಿಗೆಂದು ಕೊಂಡ ಒಳಲೆಯಲ್ಲಿ ಕೂಸು ಮೇಕೆ ಹಾಲು ಕುಡಿಯಲು ಕಲಿಯಿತು.

ಮೊದಲ ವಾರ ರಾಟೆಯ ಮುಂದೆ ನಿಂತವಳಿಗೆ ಹಾಲು ತಾನಾಗಿ ಇಳಿಯುತ್ತಿತ್ತು. ರವಿಕೆ ಒದ್ದೆಯಾಗಿ, ಗಾಳಿಯಲ್ಲಿ ಹಾರುವ ಹತ್ತಿಯ ಧೂಳೆಲ್ಲ ಅದಕ್ಕೇ ಬಂದು ಅಂಟಿಕೊಳ್ಳುತ್ತಿತ್ತು. ಸಂಜೆ ಹೊತ್ತಿಗೆ ಎದೆಯ ಮೇಲೆ ಎರಡು ಬಿಳಿ ಉಂಡೆ. ನಿಂಗಕ್ಕ ಅವಳನ್ನು ಬೇವಿನ ಮರದ ಹಿಂದಕ್ಕೆ ಕರೆದೊಯ್ದು ತನ್ನ ಸೆರಗು ಅಡ್ಡ ಹಿಡಿದಳು. "ಎದೆಹಾಲು ತುಳಿಯೋರ ಕಾಲಿಗೆ ಸಿಗಬಾರ್ದು ಕಣೇ, ಬುಡಕ್ಕೆ ಹಿಂಡು" ಎಂದಳು. ಮಗಳಿಗೆ ಸೇರಬೇಕಾದದ್ದು ಬೇವಿನ ಬುಡಕ್ಕೆ ಇಳಿಯಿತು. ತಿಂಗಳು ಕಳೆಯುವುದರೊಳಗೆ ಹಾಲು ನಿಂತಿತು. ನಿಂತ ದಿನ ಚಂದ್ರಕ್ಕ ಅತ್ತಷ್ಟು, ಬರುತ್ತಿದ್ದ ದಿನಗಳಲ್ಲಿ ಅತ್ತಿರಲಿಲ್ಲ.

ಮಿಲ್ಲಿಗೆ ಸೋಮವಾರ ರಜೆ. ಐಮಂಗಲದಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಹೀಗಾಗಿ ಎತ್ತಿಗೂ ಚಂದ್ರಕ್ಕನಿಗೂ ಒಂದೇ ದಿನ ಬಿಡುವು ಎಂದು ಜಂಪಣ್ಣ ತಮಾಷೆ ಮಾಡುತ್ತಿದ್ದ. ಭಾನುವಾರ ಪಾಳಿ ಮುಗಿಸಿ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಊರು, ಸೋಮವಾರ ಸಂಜೆಯ ಬಸ್ಸಿಗೆ ವಾಪಸು. ಹೊರಡುವಾಗ ತಾಯಿಯೂ ಅಳುವುದು, ಅದನ್ನು ನೋಡಿ ಮಗುವೂ ಅಳುವುದು. ಇದನ್ನು ತಪ್ಪಿಸಲು, ತಿಪ್ಪಮ್ಮ ನಡೆಯಲು ಕಲಿತ ಮೇಲೆ ಜಯಕ್ಕ ಒಂದು ಆಟ ಹೂಡಿದಳು. ಹೆದ್ದಾರಿಯಲ್ಲಿ ಬಸ್ಸಿನ ಹಾರನ್ನು ಕೇಳಿದ ಕೂಡಲೆ "ಚಂದ್ರಕ್ಕನ ಚಪ್ಪಲಿ ಎಲ್ಲೈತೆ? ತತ್ತಾ ನೋಡಾನ!" ಎನ್ನುವಳು. ತಿಪ್ಪಮ್ಮ ಓಡಿಹೋಗಿ ಒಂದೊಂದೇ ಚಪ್ಪಲಿ ತಂದು, ಹೊರಗೆ ಮುಖ ಮಾಡಿ ಹೊಸ್ತಿಲಿನ ಆಚೆ ಜೋಡಿಸಿ, ಚಪ್ಪಾಳೆ ತಟ್ಟುವಳು. ಆಟ ಚೆನ್ನಾಗಿ ಕೆಲಸ ಮಾಡಿತು. ಮಗು ಅಳುವುದನ್ನು ಬಿಟ್ಟಿತು.

ಊರವರು ಕರೆಯುವ ಹಾಗೆ ಮಗುವೂ ಅವಳನ್ನು ಚಂದ್ರಕ್ಕ ಎಂದೇ ಕರೆಯಿತು. ಜಯಕ್ಕನಿಗೆ ದೊಡ್ಡವ್ವ ಎನ್ನಬೇಕೆಂದು ಕಲಿಸಿದ್ದು ಸ್ವತಃ ಜಯಕ್ಕನೇ. ಆ ಪುಟ್ಟ ನಾಲಿಗೆಗೆ 'ದೊಡ್ಡ' ತಿರುಗಲಿಲ್ಲ. ಅದನ್ನು ಅಲ್ಲೇ ಬಿಟ್ಟು ಮಿಕ್ಕದ್ದನ್ನು ಹಿಡಿದುಕೊಂಡಿತು. ಮಗು ಅವ್ವ ಎಂದಾಗಲೆಲ್ಲ ಜಯಕ್ಕ ಅಪರಾಧಿಯಂತೆ ಚಂದ್ರಕ್ಕನ ಮುಖ ನೋಡುವಳು. "ಇರ್ಲಿ ಬಿಡಕ್ಕ, ತೌಡು ಕೊಟ್ಟು ಕೊಂಡವ್ಳು ನೀನು" ಎಂದು ಚಂದ್ರಕ್ಕ ನಗೆಯಾಡಿದರೆ, ಇಬ್ಬರಿಗೂ ನಗೆ ಪೂರ್ತಿ ಬರುತ್ತಿರಲಿಲ್ಲ.

ವಿನಾಯಿತಿಯನ್ನು ಮತ್ತೊಂದು ವರ್ಷ ಮುಂದುವರಿಸಿದರು. ಅದಾದ ಮೇಲೆ ಇನ್ನೂ ಒಂದು ವರ್ಷ. ಹೀಗೆ ಉಳಿದದ್ದು ಕರೆಂಟಿಗೆ ಹೋಯಿತೋ ಹತ್ತಿಗೆ ಹೋಯಿತೋ, ಮಾಲೀಕರ ಮನೆಗಂತೂ ಹೋಗಲಿಲ್ಲ, ಅದನ್ನು ಹೇಳಲೇಬೇಕು. ಈ ನಡುವೆ ಹತ್ತಿಯ ಧೂಳು ಎದೆಗೆ ಕೂತು ಇಬ್ಬರು ಗಂಡಸರು ವಿಮೆಯ ದವಾಖಾನೆಯೂ ಇಲ್ಲದೆ ಕೆಲಸ ಬಿಟ್ಟು ಊರು ಸೇರಿದರು. ಕೊನೆಗೆ ಎಪ್ಪತ್ತೇಳರ ಶ್ರಾವಣದಲ್ಲಿ ಗೇಟಿಗೆ ಇನ್ನೊಂದು ನೋಟೀಸು ಅಂಟಿತು. ಈ ಸಲ ಉಗ್ರಪ್ಪ ಒಂದೊಂದು ಅಕ್ಷರವನ್ನೂ ಕೂಡಿಸಿ, ಮೂರು ಸಲ ತನ್ನೊಳಗೇ ಓದಿಕೊಂಡು, ಆಮೇಲೆ ಬಾಯಿಬಿಟ್ಟ. ಮಿಲ್ಲು ಮುಚ್ಚಿತ್ತು.

ಹೆಂಗಸರು ಗೇಟಿನ ಕಂಬಿ ಹಿಡಿದು ಅತ್ತರು. ಚಂದ್ರಕ್ಕನೂ ಅವರ ನಡುವೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸೆರಗಿನ ಹಿಂದೆ ಇದ್ದದ್ದು ಅಳುವಲ್ಲ. ಮನೆ ಹೇಗೆ ನಡೆದೀತು ಎನ್ನುವ ಭಯ ಇಲ್ಲದಿರಲಿಲ್ಲ, ಆದರೆ ಅದಕ್ಕಿಂತ ಮೇಲೆ ಎದ್ದು ಕುಣಿಯುತ್ತಿದ್ದದ್ದು ಒಂದೇ ಮಾತು: ಇನ್ನು ನಾನು ಹೋಗಬಹುದು. ಆ ಸಂತೋಷಕ್ಕೆ ನಾಚಿಕೆಯಾಗಿ ಅವಳು ಯಾರ ಮುಖವನ್ನೂ ನೋಡದೆ ಹೊರಟುಬಿಟ್ಟಳು. ಜಂಪಣ್ಣ ಮಂಡಿಯಲ್ಲೇ ಉಳಿದ. ಮಾರನೆಯ ಬೆಳಿಗ್ಗೆ ಟ್ರಂಕು, ಹಾಸಿಗೆ ಸಮೇತ ಅವಳನ್ನು ಬಸ್ಸಿಗೆ ಹತ್ತಿಸಿದ.

ಅಂದು ಗುರುವಾರ. ತಿಪ್ಪಮ್ಮ ಜಗಲಿಯಲ್ಲಿ ಕೂತು ಶೇಂಗಾ ಬಿಡಿಸುತ್ತಿತ್ತು. ಚಂದ್ರಕ್ಕನನ್ನು ನೋಡಿ ಖುಷಿಪಡುವ ಮೊದಲು ಕೊಟ್ಟಿಗೆಯ ಕಡೆ ನೋಡಿತು. ಕೊಟ್ಟಿಗೆ ಖಾಲಿ.

"ಎತ್ತು ಹೊಲಕ್ಕೋಗ್ಯಾವೆ" ಎಂದಿತು. "ನೀನ್ಯಾಕ್ ಬಂದೆ?"

"ನಿನ್ನ ನೋಡಾಕೆ ಬಂದೆ ಮಗ. ಇಲ್ಲೇ ಇರ್ತೀನಿ."

ಮಗು ತಲೆಯಾಡಿಸಿತು. ಅಂದು ಮಧ್ಯಾಹ್ನವೆಲ್ಲ ಚಂದ್ರಕ್ಕ ಮೂರು ವರ್ಷದಿಂದ ಮಡಿಚಿಟ್ಟದ್ದನ್ನು ಒಂದೊಂದಾಗಿ ಬಿಚ್ಚಿದಳು. ಎಣ್ಣೆ ತಿಕ್ಕಿ ನೀರು ಹಾಕಿದಳು. ಮಗಳು ಈಗ ಕಾಲ ಮೇಲೆ ಹಿಡಿಸುತ್ತಿರಲಿಲ್ಲ, ಕಣ್ಣಿಗೆ ಸೀಗೆ ಬಿತ್ತೆಂದು ಜಯಕ್ಕನನ್ನು ಕರೆದು ಕೂಗಿದಳು. ಮಗು ಮಲಗಿದಾಗ ಚಂದ್ರಕ್ಕ ಮೇಲೆ ಬಗ್ಗಿ ನೋಡಿದಳು. ನಿದ್ದೆಯಲ್ಲಿ ನಗುವ ವಯಸ್ಸು ಮುಗಿದಿತ್ತು.

ಸಂಜೆ ಹೆದ್ದಾರಿಯ ಕಡೆಯಿಂದ ಹಾರನ್ನು ಕೇಳಿಸಿತು. ಯಾರೂ ಹೇಳದೆ ತಿಪ್ಪಮ್ಮ ಎದ್ದು ಓಡಿತು. ಒಂದು ಚಪ್ಪಲಿ ತಂದಿತು, ಮತ್ತೆ ಹೋಗಿ ಇನ್ನೊಂದು ತಂದಿತು. ಹೊಸ್ತಿಲಿನಾಚೆ ಹೊರಗೆ ಮುಖ ಮಾಡಿ ಜೋಡಿಸಿ ಚಪ್ಪಾಳೆ ತಟ್ಟಿತು.

"ಚಂದ್ರಕ್ಕ, ಬಸ್ ಬಂತು!"

"ಲೇ ತಿಪ್ಪೀ, ಅವ್ವ ಹೋಗಂಗಿಲ್ಲ ಕಣೇ" ಎಂದು ಜಯಕ್ಕ ಒಲೆಯ ಮುಂದಿನಿಂದ ಕೂಗಿದಳು.

ಮಗು ಜಯಕ್ಕನನ್ನು ಅಚ್ಚರಿಯಿಂದ ನೋಡಿತು. "ನೀನೆಲ್ಲಿಗೆ ಹೋಗ್ತೀಯವ್ವ?" ಎಂದಿತು. ಆಮೇಲೆ ಚಂದ್ರಕ್ಕ ಇನ್ನೂ ಕೂತೇ ಇರುವುದನ್ನು ಕಂಡು, ಬಸ್ಸು ತಪ್ಪೀತೆಂಬ ಗಾಬರಿಯಲ್ಲಿ, ಅವಳ ಪಾದ ಹಿಡಿದು ಚಪ್ಪಲಿ ತೊಡಿಸಲು ನೋಡಿತು. ಚಂದ್ರಕ್ಕ ಕಾಲು ಮುಂದೆ ಮಾಡಿದಳು. ತನ್ನ ಮಗಳು ತನ್ನ ಜೊತೆ ಆಡಬಲ್ಲ ಆಟ ಇದೊಂದೇ ಎಂದು ಅವಳಿಗೆ ತಿಳಿದಿತ್ತು. ತೊಟ್ಟು, ಅಂಗಳದ ಕೊನೆಯವರೆಗೆ ಹೋಗಿ ನಿಂತಳು. ಬಸ್ಸು ದುರ್ಗದ ಕಡೆಗೆ ಹೋಯಿತು. ಅದು ಕಾಣದಾದ ಮೇಲೆ ತಿರುಗಿ ಬಂದು ಚಪ್ಪಲಿ ಕಳಚಿ ಒಳಗೆ ಕಾಲಿಟ್ಟಳು.

ತಿಪ್ಪಮ್ಮ ಅವಳನ್ನೇ ನೋಡುತ್ತಿತ್ತು.

"ನಾಳೆ ಹೋಗ್ತೀಯ?"

"ಇಲ್ಲ ಮಗ."

"ಸೋಮಾರ?"

"ಸೋಮವಾರನೂ ಇಲ್ಲ."

ಮಗು ಹೊಸ್ತಿಲು ದಾಟಿ, ಒಳಮುಖವಾಗಿ ಬಿದ್ದಿದ್ದ ಚಪ್ಪಲಿಗಳನ್ನು ತಿರುಗಿಸಿ ಮತ್ತೆ ಹೊರಗೆ ಮುಖ ಮಾಡಿ ಇಟ್ಟಿತು. "ಇಲ್ಲೇ ಇರ್ಲಿ" ಎಂದಿತು.

ಚಂದ್ರಕ್ಕ ಅದನ್ನು ತೆಗೆಯಲಿಲ್ಲ. ಹೊಲಕ್ಕೆ ಹೋಗಿಬಂದು ಅವಳು ಹೇಗೆ ಬಿಟ್ಟರೂ ಮಗಳು ಬಂದು ತಿರುಗಿಸಿಡುತ್ತಿದ್ದಳು. ವಾರ ಎಣಿಸುವುದು ಚಂದ್ರಕ್ಕನಿಗೆ ಹಳೆಯ ಅಭ್ಯಾಸ. ಎಣಿಸಿದಳು. ಹನ್ನೆರಡು ವಾರ ಕಳೆದ ಮೇಲೂ ಚಪ್ಪಲಿ ಹೊರಗೇ ಮುಖ ಮಾಡಿಕೊಂಡಿತ್ತು.